ಕಸಿ ಮಾಡಿದ ಕೈ, ಜೊತೆಗೆ ಬಂದ ಮಜ್ಜೆ



ಊರಿನಲ್ಲಿ ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಒಂದು ಗಿಡದ ಕಡ್ಡಿ ಇನ್ನೊಂದರ ಬುಡಕ್ಕೆ ಒಗ್ಗಿಕೊಂಡು ಹಣ್ಣು ಬಿಡುತ್ತದೆ. ನಮ್ಮ ದೇಹ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಬೇರೆಯವರ ಅಂಗ ಬಂದರೆ ರಕ್ತದ ಬಿಳಿ ಕಣಗಳು ಅದರ ಮೇಲೆ ದಾಳಿ ಮಾಡುತ್ತವೆ.

1998ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ವೈದ್ಯರು ಮೃತ ದಾನಿಯ ಕೈಯನ್ನು ಒಬ್ಬರಿಗೆ ಜೋಡಿಸಿದರು. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಆದರೆ ಅವರು ಔಷಧಿ ನಿಲ್ಲಿಸಿದ್ದರಿಂದ ದೇಹ ಆ ಕೈಯನ್ನು ತಿರಸ್ಕರಿಸಿತು. 2001ರಲ್ಲಿ ಅದನ್ನು ತೆಗೆಯಬೇಕಾಯಿತು. ಭಾರತದ ಮೊದಲ ಕೈ ಕಸಿ 2015ರಲ್ಲಿ ಕೊಚ್ಚಿಯಲ್ಲಿ ನಡೆಯಿತು.

ಈ ಮಾತ್ರೆಗಳನ್ನು ಸಾಮಾನ್ಯವಾಗಿ ಜೀವನಪೂರ್ತಿ ನುಂಗಬೇಕು. ಅವು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವುದರಿಂದ ಸೋಂಕು, ಕ್ಯಾನ್ಸರ್‌ಗಳ ಭಯವಿರುತ್ತದೆ. ಹೃದಯವಾದರೆ ಜೀವ ಉಳಿಸಲು ಈ ಬೆಲೆ ತೆರಲೇಬೇಕು. ಕೈಯಿಲ್ಲದೆ ಬದುಕಬಹುದಲ್ಲವೇ? ಆದ್ದರಿಂದಲೇ ಇಲ್ಲಿ ನಿರ್ಧಾರ ಕಷ್ಟ.

ಹಾಗಾದರೆ ಮಾತ್ರೆ ಕಡಿಮೆ ಮಾಡುವ ದಾರಿಯಿದೆಯೇ? ಬಿಳಿ ಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಂಗದ ಜೊತೆ ದಾನಿಯ ಮಜ್ಜೆಯನ್ನೂ ಕೊಟ್ಟು, ಇಬ್ಬರ ಕಣಗಳೂ ಒಂದೇ ದೇಹದಲ್ಲಿ ಹೊಂದಿಕೊಂಡರೆ, ಹೊಸ ಅಂಗವನ್ನು ದೇಹ ತನ್ನದೆಂದೇ ಒಪ್ಪಬಹುದು. ಈ ಬೆರಕೆಗೆ 'ಕೈಮೆರಿಸಂ' ಎನ್ನುತ್ತಾರೆ. ಸಿಂಹ, ಮೇಕೆ, ಹಾವು ಸೇರಿದ ಗ್ರೀಕ್ ಪುರಾಣದ ಪ್ರಾಣಿಯ ಹೆಸರಿದು. ನಮ್ಮ ನರಸಿಂಹನನ್ನು ನೆನೆಸಿಕೊಳ್ಳಿ!

ಇದು ಕಲ್ಪನೆಯಲ್ಲ. ಗರ್ಭದಲ್ಲಿ ರಕ್ತ ಹಂಚಿಕೊಂಡ ಅವಳಿ ಕರುಗಳಲ್ಲಿ ಪರಸ್ಪರರ ರಕ್ತಕಣಗಳು ಉಳಿದಿರುವುದನ್ನು ರೇ ಓವನ್ 1945ರಲ್ಲಿ ತೋರಿಸಿದರು. ರಕ್ತದ ಕ್ಯಾನ್ಸರಿಗೆ ಮಜ್ಜೆ ಕಸಿ ಮಾಡಿಸಿಕೊಂಡವರ ರಕ್ತದ ಗುಂಪೇ ದಾನಿಯದಕ್ಕೆ ಬದಲಾಗುವುದುಂಟು. 2008ರಲ್ಲಿ ಬಾಸ್ಟನ್ ವೈದ್ಯರು ಐವರಿಗೆ ಮಜ್ಜೆ, ಕಿಡ್ನಿ ಎರಡನ್ನೂ ಕಸಿ ಮಾಡಿದ ವರದಿ ಪ್ರಕಟಿಸಿದರು. ಅವರಲ್ಲಿ ನಾಲ್ವರು ಮಾತ್ರೆ ಬಿಡಲು ಸಾಧ್ಯವಾಗಿತ್ತು. 2009ರಿಂದ ಪಿಟ್ಸ್‌ಬರ್ಗ್‌ನಲ್ಲಿ ಕೈ ಕಸಿಯ ಜೊತೆ ದಾನಿಯ ಮಜ್ಜೆಯನ್ನೂ ಕೊಟ್ಟು, ಔಷಧಿ ಕಡಿಮೆ ಮಾಡುವ ಪ್ರಯೋಗ ನಡೆಯಿತು.

ಅಪಾಯವೂ ಇದೆ. ಹೊಸ ಮಜ್ಜೆಗೆ ಜಾಗ ಮಾಡಲು ಕಠಿಣ ಔಷಧಿ ಅಥವಾ ವಿಕಿರಣ ಬೇಕಾಗುತ್ತದೆ. ಕೆಲವೊಮ್ಮೆ ದಾನಿಯ ಕಣಗಳೇ ಮನೆಯವನ ಮೇಲೆ ತಿರುಗಿ ಬೀಳುತ್ತವೆ. ಆದ್ದರಿಂದ ಕಸಿ ಮಾಡಿಸಿಕೊಂಡ ಯಾರೂ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಇನ್ನು ನಿಮ್ಮ ಪಾಲಿನ ಮಾತು. ಮಜ್ಜೆ ಬೇಕಾದ ರೋಗಿಗೆ ಒಡಹುಟ್ಟಿದ ಒಬ್ಬರದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಉಳಿದವರಲ್ಲಿ ಹಲವರು ಅಪರಿಚಿತ ದಾನಿಗಾಗಿ ಕಾಯುತ್ತಾರೆ. ದಾನಿಗಳ ಪಟ್ಟಿಗೆ ಹೆಸರು ಕೊಡಲು ಬೇಕಿರುವುದು ಕೆನ್ನೆಯ ಒಳಗಿನ ಒಂದಿಷ್ಟು ಲೋಳೆ ಅಥವಾ ರಕ್ತ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರೊಡನೆ ಈ ಮಾತು ತೆಗೆಯಿರಿ.