ಜಾಲಪುಟದಲ್ಲಿ ವೇಳೆಯ ಆಯ್ಕೆ

ಪ್ರಯಾಣದ ಚೀಟಿಯನ್ನಾಗಲಿ ವೈದ್ಯರ ಭೇಟಿಯನ್ನಾಗಲಿ ಗಣಕಯಂತ್ರದ ಮೂಲಕ ಗೊತ್ತುಮಾಡಿಕೊಳ್ಳುವವರು ವೇಳೆಯನ್ನು ಸೂಚಿಸುವ ಸಣ್ಣ ಚೌಕವೊಂದನ್ನು ಕಂಡೇ ಇರುತ್ತಾರೆ. ತಂತ್ರಜ್ಞರು ಇದನ್ನು ‘ಟೈಮ್ ಪಿಕರ್’ ಎನ್ನುವರು. ನಾವು ವೇಳೆಯ ಆಯ್ಕೆಪೆಟ್ಟಿಗೆ ಎನ್ನೋಣ. ನೋಡಲು ಅಲ್ಪವಾದ ಈ ಸಾಧನವು ಬಳಸುವವರ ನುಡಿಗೆ ಹೊಂದದಿದ್ದರೆ ಪ್ರಯಾಣವೇ ಒಂದು ದಿನ ತಪ್ಪಿಹೋಗುವುದುಂಟು. ಆದಕಾರಣ ಅದನ್ನು ಹೊಂದಿಸುವ ಬಗೆಯನ್ನು ಸಂಕ್ಷೇಪವಾಗಿ ಇಲ್ಲಿ ನಿರೂಪಿಸಿದೆ.

ಜಾಲಪುಟಗಳನ್ನು ರಚಿಸುವ ಎಚ್‌ಟಿಎಂಎಲ್ ಎಂಬ ಸಂಕೇತಭಾಷೆಯಲ್ಲಿ ಈ ಪೆಟ್ಟಿಗೆಗೆ ಸಿದ್ಧರೂಪವೇ ಇದೆ. ಅದಕ್ಕೆ ಮೂರು ಕಟ್ಟುಗಳನ್ನು ವಿಧಿಸಬಹುದು. ‘ಮಿನ್’ ಎಂಬುದು ಆರಂಭದ ಎಲ್ಲೆ, ‘ಮ್ಯಾಕ್ಸ್’ ಕೊನೆಯ ಎಲ್ಲೆ, ‘ಸ್ಟೆಪ್’ ನಡುವಣ ಹೆಜ್ಜೆಯ ಅಳತೆ. ಹೆಜ್ಜೆಯನ್ನು ಸೆಕೆಂಡುಗಳಲ್ಲಿ ಹೇಳಬೇಕು. 900 ಎಂದರೆ 15 ನಿಮಿಷ. ಎಣಿಕೆಯು ಆರಂಭದ ಎಲ್ಲೆಯಿಂದಲೇ ತೊಡಗುವುದು. ಆರಂಭವು 9:10 ಆದರೆ ಮುಂದಿನ ವೇಳೆ 9:25 ಆಗುವುದೇ ಹೊರತು 9:15 ಆಗದು.

ಇನ್ನು ತೋರಿಕೆಯ ವಿಚಾರ. ಒಳಗಡೆ ಮೌಲ್ಯವು ಸದಾ 24 ಗಂಟೆಗಳ ಕ್ರಮದಲ್ಲಿ ಉಳಿಯುತ್ತದೆ. ಹೊರಗೆ ಕಾಣುವ ರೂಪವು ಬಳಸುವವನ ಯಂತ್ರದ ಭಾಷೆಯನ್ನು ಅನುಸರಿಸುತ್ತದೆ. ಯೂನಿಕೋಡ್ ಒಕ್ಕೂಟದ ಭಾಷಾಸಂಗ್ರಹದಲ್ಲಿ ಕನ್ನಡಕ್ಕೆ ‘ಪೂರ್ವಾಹ್ನ’, ‘ಅಪರಾಹ್ನ’ ಎಂಬ ಪದಗಳಿವೆ. ‘ಅಹನ್’ ಎಂದರೆ ಹಗಲು. ಹಗಲಿನ ಮುಂಭಾಗ ಪೂರ್ವಾಹ್ನ, ಹಿಂಭಾಗ ಅಪರಾಹ್ನ. ಹೀಗಿರುವಲ್ಲಿ ನಡುರಾತ್ರಿ ಕಳೆದ ಹನ್ನೆರಡೂವರೆಯನ್ನು ಪೂರ್ವಾಹ್ನವೆಂದರೆ ಶಬ್ದಾರ್ಥಕ್ಕೂ ಸಲ್ಲದು, ಬಳಕೆಗೂ ಸಲ್ಲದು. ನಮ್ಮ ಜನ ಅದನ್ನು ರಾತ್ರಿ ಹನ್ನೆರಡೂವರೆ ಎಂದೇ ಹೇಳುವರು.

ಇದಕ್ಕಿಂತ ಮಿಗಿಲಾದ ತೊಡಕು ವಾರದ್ದು. ‘ಸೋಮವಾರ ರಾತ್ರಿ ಹನ್ನೆರಡೂವರೆ’ ಎಂದು ಆಡುವವನ ಮನಸ್ಸಿನಲ್ಲಿ ಸೋಮವಾರದ ಇರುಳು ಇನ್ನೂ ಮುಗಿದಿರುವುದಿಲ್ಲ. ಬೆಳಗಾದ ಮೇಲೆಯೇ ಅವನಿಗೆ ಮಂಗಳವಾರ. ಯಂತ್ರಕ್ಕಾದರೋ ಅದು ಆಗಲೇ ಮಂಗಳವಾರದ 00:30. ಸೋಮವಾರದ ತಾರೀಖನ್ನು ಆರಿಸಿದವನು ನಿಲ್ದಾಣಕ್ಕೆ ಬರುವ ಹೊತ್ತಿಗೆ ಅವನ ಬಂಡಿ ಹೋಗಿ ಒಂದು ದಿನವಾಗಿರುತ್ತದೆ.

ಸಿದ್ಧರೂಪದ ಪೆಟ್ಟಿಗೆಯಲ್ಲಿ ತೋರಿಕೆಯ ಪದಗಳನ್ನು ಬದಲಿಸುವ ಅಧಿಕಾರ ಪುಟವನ್ನು ರಚಿಸುವವನಿಗಿಲ್ಲ. ಆದ್ದರಿಂದ ಅವನು ಗಂಟೆಗೊಂದು, ನಿಮಿಷಕ್ಕೊಂದು, ಹೊತ್ತಿಗೊಂದು ಎಂದು ಮೂರು ಪಟ್ಟಿಗಳನ್ನು ತಾನೇ ಅಳವಡಿಸಬೇಕಾಗುತ್ತದೆ. ಹೊತ್ತಿನ ಪಟ್ಟಿಯಲ್ಲಿ ಬೆಳಗಿನ ಜಾವ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂಬ ಬಳಕೆಯ ಮಾತುಗಳಿರಲಿ. ಆಯ್ಕೆ ಮುಗಿದೊಡನೆ ‘ಸೋಮವಾರ ಕಳೆದು ಮಂಗಳವಾರ ಹುಟ್ಟುವ ರಾತ್ರಿ, 00:30’ ಎಂಬ ಪೂರ್ಣವಾಕ್ಯ ಕೆಳಗೆ ಮೂಡಲಿ. ಕಣ್ಣು ಕಾಣದವರಿಗೆ ಓದಿಹೇಳುವ ತಂತ್ರಾಂಶಕ್ಕೂ ಆ ವಾಕ್ಯ ಎಟುಕುವಂತಿರಲಿ; ಕೀಲಿಮಣೆಯೊಂದರಿಂದಲೇ ಆಯ್ಕೆ ಸಾಧ್ಯವಾಗಲಿ.

ಆದರೆ ಒಂದು ನಿಯಮವನ್ನು ಮೀರಲಾಗದು. ಹೊರಗಿನ ಮಾತನ್ನು ಎಷ್ಟೇ ಮಾರ್ಪಡಿಸಿದರೂ ಒಳಗೆ ಕಳುಹಿಸುವ ಮೌಲ್ಯವು 24 ಗಂಟೆಗಳ ಕ್ರಮದಲ್ಲಿಯೇ, ಸರಿಯಾದ ತಾರೀಖಿನೊಡನೆಯೇ ಇರತಕ್ಕದ್ದು. ಗಣಕವಿದ್ಯೆಯನ್ನು ಬೋಧಿಸುವ ಅಧ್ಯಾಪಕರು ಸಂಕೇತಗಳ ಜೊತೆಗೆ ಜನರ ನುಡಿಯನ್ನೂ ಗಮನಿಸುವಂತೆ ವಿದ್ಯಾರ್ಥಿಗಳನ್ನು ಪ್ರೇರೇಪಿಸಿದರೆ, ಅವರು ರಚಿಸುವ ಪುಟಗಳಿಂದ ನಾಡಿನ ಸಾಮಾನ್ಯರಿಗೆ ನಿಜವಾದ ಉಪಕಾರವಾಗುವುದು.