ಕೊಂಕಣದ ಹಸಿರು, ಎರೆಯ ಅಂಗಳ

ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆಂದು ಕುಮಟೆಯಿಂದ ಬಂದ ನನ್ನ ಹೆಂಡತಿಯ ತಂದೆಯವರು ಉಡುಗೊರೆಯಾಗಿ ತಂದದ್ದು ಬೆಳ್ಳಿಯ ಪಾತ್ರೆಯನ್ನಲ್ಲ, ಆರು ಅಡಕೆಯ ಸಸಿಗಳನ್ನು. "ಮಗಳ ಮನೆಯ ಮುಂದೆ ನಮ್ಮೂರಿನ ನೆರಳಿರಲಿ" ಎಂದರು. ವಿಜಯಪುರದ ಬಿಸಿಲಿನಲ್ಲಿ ಹುಟ್ಟಿ ಬೆಳೆದ ನನಗೆ ಆಗಲೇ ಸಂಶಯವಿತ್ತು. ಆದರೆ ಮಾವನವರ ಮಾತಿಗೆ ಅಳಿಯನಾದವನು ಎದುರಾಡುವುದುಂಟೆ? ಸಸಿಗಳನ್ನು ನೆಟ್ಟೆವು, ಸುತ್ತಲೂ ಹುಲ್ಲುಹಾಸನ್ನು ಬೆಳೆಸಿದೆವು. ಮಳೆಗಾಲ, ಚಳಿಗಾಲಗಳು ಸುಖವಾಗಿ ಕಳೆದುವು. ದಾರಿಹೋಕರು ನಿಂತು ನೋಡುವಷ್ಟು ಹಸಿರು ನಮ್ಮ ಅಂಗಳದಲ್ಲಿತ್ತು.

ಬೇಸಗೆ ಬಂದಿತು. ಬಿಸಿಲು ನಲವತ್ತು ಡಿಗ್ರಿ ದಾಟಿತು. ಐದುನೂರು ಚದರ ಅಡಿಯ ಹುಲ್ಲುಹಾಸು ಕಡುಬೇಸಗೆಯಲ್ಲಿ ಹಸಿರಾಗಿರಬೇಕಾದರೆ ದಿನಕ್ಕೆ ಸುಮಾರು 250 ಲೀಟರು ನೀರು ಬೇಕು. ಹಳ್ಳಿಯ ಮನೆಗಳಿಗೆ ಸರಕಾರವು ಗೊತ್ತುಪಡಿಸಿರುವ ಅಳತೆ ತಲೆಗೆ ದಿನಕ್ಕೆ 55 ಲೀಟರು. ಎಂದರೆ ನಾಲ್ಕು ಜನರ ಸಂಸಾರಕ್ಕೆ ಸಾಲುವ ನೀರನ್ನು ನಮ್ಮ ಹುಲ್ಲು ಕುಡಿಯುತ್ತಿದ್ದಿತು. ಈ ಲೆಕ್ಕವನ್ನು ಆಗ ನಾನು ಹಾಕಿರಲಿಲ್ಲ.

ಒಂದು ಸಂಜೆ ನಾನು ಹುಲ್ಲಿಗೆ ನೀರು ಬಿಡುತ್ತಿದ್ದಾಗ, ಕೊಳವೆಬಾವಿ ಬತ್ತಿದ್ದ ನೆರೆಮನೆಯ ತಾಯಿಯೊಬ್ಬರು ಬಾಗಿಲಲ್ಲಿ ನಿಂತು, "ಅಕ್ಕಾರ, ಒಂದ ಕೊಡಾ ನೀರು ತುಂಬಕೊಳ್ಲೇನ್ರಿ?" ಎಂದು ನನ್ನ ಹೆಂಡತಿಯನ್ನು ಕೇಳಿದರು. ಆಕೆ ಕೊಡವನ್ನು ತುಂಬಿಕೊಟ್ಟಳು. ಆಮೇಲೆ ಸದ್ದಿಲ್ಲದೆ ಬಂದು ನನ್ನ ನಲ್ಲಿಯನ್ನು ನಿಲ್ಲಿಸಿದಳು. ಆ ದಿನದಿಂದ ಹುಲ್ಲಿಗೆ ನೀರು ಬಿಡಲಿಲ್ಲ. ಕೆಲವೇ ವಾರಗಳಲ್ಲಿ ಹುಲ್ಲು ಒಣಗಿತು. ಅಡಕೆಯ ಸಸಿಗಳೂ ಒಂದೊಂದಾಗಿ ಸುಟ್ಟುಹೋದುವು. ಆಕೆ ಏನೂ ಅನ್ನಲಿಲ್ಲ. ಒಣಗಿದ ಕೊನೆಯ ಸಸಿಯನ್ನು ಮಾತ್ರ ಬಹುದಿನ ಕೀಳಗೊಡಲಿಲ್ಲ.

ರಜೆಯಲ್ಲಿ ನಾವು ಬಬಲೇಶ್ವರದ ಸೀಮೆಯ ಮಮದಾಪುರಕ್ಕೆ ನನ್ನ ಸೋದರಮಾವನ ಮನೆಗೆ ಹೋದೆವು. ಗೋಳಗುಮ್ಮಟದಲ್ಲಿ ಚಿರನಿದ್ರೆಯಲ್ಲಿರುವ ಮಹಮ್ಮದ್ ಆದಿಲ್‌ಶಾಹನ (1627–1656) ಹೆಸರನ್ನು ಹೊತ್ತ ಊರದು. ಸುಲ್ತಾನನು ಕೊಂಕಣದ ಹಸಿರಿಗೆ ಮರುಳಾಗಿ, ಅಂಥದೊಂದು ತಾಣವು ತನ್ನ ಸೀಮೆಯಲ್ಲಿಯೂ ಇರಬೇಕೆಂದು ಬಯಸಿ ಈ ಊರನ್ನು ಕಟ್ಟಿಸಿದನೆಂದು ಪ್ರತೀತಿ. ನನ್ನ ಹೆಂಡತಿಯ ಆಸೆ ಹೊಸದೇನೂ ಅಲ್ಲವೆಂದಾಯಿತು!

ಸೋದರಮಾವ ನಮ್ಮನ್ನು ಕೆರೆಯ ಏರಿಯ ಮೇಲೆ ನಿಲ್ಲಿಸಿ ಹೇಳಿದ: "ತಮ್ಮಾ, ಸುಲ್ತಾನ ಮೊದಲ ಗಿಡಾ ಹಚ್ಚಲಿಲ್ಲ, ಮೊದಲ ಒಡ್ಡು ಹಾಕಿದ. ನೀ ಮೊದಲ ಗಿಡಾ ಹಚ್ಚಿ, ಈಗ ನೀರು ಹುಡುಕತಿ."

ಎಂ. ಎ. ತರಗತಿಯಲ್ಲಿ ಕಲಿಯದ ಪಾಠವನ್ನು ನಾನು ಆ ಏರಿಯ ಮೇಲೆ ಕಲಿತೆ. ಇದೇ ಸುಲ್ತಾನನು 1651ರಲ್ಲಿ ಬೇಗಂ ತಾಲಾಬನ್ನು ಕಟ್ಟಿಸಿ, ಮಣ್ಣಿನ ಕೊಳವೆಗಳಿಂದ ರಾಜಧಾನಿಗೆ ನೀರು ತರಿಸಿದವನು. ಕೊಂಕಣದ ಕರಾವಳಿಗೆ ವರುಷಕ್ಕೆ ಸುಮಾರು 3,000 ಮಿಲಿಮೀಟರು ಮಳೆ. ನಮಗೆ ಸುಮಾರು 600. ಅಲ್ಲಿ ಗಾಳಿಯೇ ಗಿಡಕ್ಕೆ ತೇವವನ್ನು ಉಣಿಸುತ್ತದೆ. ಇಲ್ಲಿಯ ಗಾಳಿ ಗಿಡದ ತೇವವನ್ನೇ ಹೀರುತ್ತದೆ. ಅಲ್ಲಿಯ ತೋಟಗಾರನಿಗೆ ನೀರನ್ನು ಹೊರಗೆ ಹರಿಸುವ ಚಿಂತೆ. ನಮಗೆ ಅದನ್ನು ಹಿಡಿದಿಡುವ ಚಿಂತೆ.

ಹಿಡಿಯಲು ನೀರೆಲ್ಲಿದೆ ಎನ್ನುವಿರೊ? ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ ನಮ್ಮ ಕಡಿಮೆ ಮಳೆಯಲ್ಲಿಯೂ ವರುಷಕ್ಕೆ ಸುಮಾರು 55 ಸಾವಿರ ಲೀಟರು ಬೀಳುತ್ತದೆ. ಅದನ್ನು ಮೊದಲು ತೊಟ್ಟಿಗೆ ತುಂಬಬೇಕು. ಮಿಕ್ಕದ್ದನ್ನು ಮನೆಯ ಅಡಿಪಾಯದಿಂದ ದೂರದಲ್ಲಿ, ಎರೆಯ ಪದರವನ್ನು ದಾಟಿ ಗರಸಿನವರೆಗೆ ಅಗೆದು ಕಲ್ಲು, ಮರಳು ತುಂಬಿದ ಇಂಗುಗುಂಡಿಗೆ ಬಿಡಬೇಕು. ಅಂಗಳಕ್ಕೆಲ್ಲ ಫರಸಿ ಹಾಸಿದರೆ ಮನೆ ಕಾದ ಹಂಚಾಗುವುದಲ್ಲದೆ, ಬಿದ್ದ ನೀರೂ ಬೀದಿಯ ಪಾಲಾಗುತ್ತದೆ.

ನಮ್ಮ ಎರೆಮಣ್ಣಿನ ಸ್ವಭಾವವನ್ನೂ ಅರಿಯಬೇಕು. ಮಳೆಯಲ್ಲಿ ಅದು ಉಬ್ಬಿ ನೀರನ್ನು ನಿಲ್ಲಿಸಿಕೊಂಡು ಬೇರನ್ನು ಕೊಳೆಸುತ್ತದೆ. ಬೇಸಗೆಯಲ್ಲಿ ಬಿರಿದು ಅದೇ ಬೇರನ್ನು ಹರಿಯುತ್ತದೆ. ಆದುದರಿಂದ ಗುಂಡಿಯ ಮಣ್ಣಿಗೆ ಗರಸು ಮತ್ತು ಹಳೆಯ ಗೊಬ್ಬರ ಬೆರಸಿ, ಗಿಡವನ್ನು ತುಸು ಎತ್ತರದಲ್ಲಿ ನೆಡಬೇಕು. ಬುಡದ ಸುತ್ತ ಒಣ ಎಲೆ, ಜೋಳದ ಕಣಿಕೆಯ ಚೂರುಗಳನ್ನು ನಾಲ್ಕು ಬೆರಳು ದಪ್ಪ ಹೊದಿಸಿದರೆ ತೇವ ಉಳಿಯುತ್ತದೆ. ಹೊದಿಕೆ ಕಾಂಡಕ್ಕೆ ತಾಗದಿದ್ದರೆ ಸಾಕು. ಎಳೆಯ ಸಸಿಯ ಪಕ್ಕದಲ್ಲಿ ಮಣ್ಣಿನ ಗಡಿಗೆಯೊಂದನ್ನು ಕಂಠದವರೆಗೆ ಹೂಳಿ ನೀರು ತುಂಬಿ ಮುಚ್ಚಿಡಿರಿ. ಅದು ಜಿನುಗುತ್ತ ಬೇರಿಗೆ ನೀರುಣಿಸುತ್ತದೆ. ಪಾತ್ರೆ, ಕಾಯಿಪಲ್ಲೆ ತೊಳೆದ ನೀರು ಗಿಡಕ್ಕಾದೀತು. ಬಟ್ಟೆ ಒಗೆದ ಸಾಬೂನಿನ ನೀರು ಮಾತ್ರ ಈಗಾಗಲೇ ಕ್ಷಾರವಾದ ಎರೆಗೆ ಹಿತವಲ್ಲ.

ಇನ್ನು ಗಿಡಗಳ ಮಾತು. ಬೇವು ನಮ್ಮ ನೆಲದ ಛತ್ರಿ. ಆದರೆ ಎರೆಮಣ್ಣಿನಲ್ಲಿ ಗೋಡೆಯಿಂದ ಇಪ್ಪತ್ತು ಅಡಿಯಾದರೂ ದೂರವಿರಲಿ. ಸಣ್ಣ ಹಿತ್ತಲಿಗೆ ನಿಂಬೆ, ಕರಿಬೇವು, ನುಗ್ಗೆ, ದಾಳಿಂಬೆ, ಸೀತಾಫಲ. ಪೂಜೆಗೆ ದುಂಡುಮಲ್ಲಿಗೆ, ದಾಸವಾಳ. ನಿಂಬೆಗೆ ಹೆಸರಾದ ಇಂಡಿ ನಮ್ಮ ಜಿಲ್ಲೆಯದೇ ಅಲ್ಲವೆ? ಇವೆಲ್ಲ ನೀರು ಬೇಡದ ಗಿಡಗಳೆಂದಲ್ಲ; ಬೇರೂರಿದ ಮೇಲೆ ಕೊಟ್ಟಷ್ಟರಲ್ಲಿ ತೃಪ್ತಿ ಪಡುವ ಗಿಡಗಳು. ಮೃಗಶಿರಾ ಮಳೆಗೆ ನೆಟ್ಟರೆ ಬೇಸಗೆ ಬರುವಷ್ಟರಲ್ಲಿ ಅವಕ್ಕೆ ಬೇರು ಗಟ್ಟಿಯಾಗಿರುತ್ತದೆ.

ಈಚಿನ ವರುಷಗಳಲ್ಲಿ ಕೃಷ್ಣೆಯ ನೀರನ್ನೆತ್ತಿ ನಮ್ಮ ಜಿಲ್ಲೆಯ ಕೆರೆಗಳನ್ನು ತುಂಬಿಸುವ ಕಾರ್ಯ ನಡೆದಿದೆ, ಸಂತೋಷವೇ. ಆದರೆ ನದಿ ನಮ್ಮ ಬಾಗಿಲಿಗೆ ಬಂದಿತೆಂದು ಹುಲ್ಲುಹಾಸಿಗೆ ಮರಳುವುದು ಜಾಣತನವಾಗಲಾರದು.

ಐದು ವರುಷಗಳ ತರುವಾಯ ಮಾವನವರು ಮತ್ತೆ ಬಂದರು. ಅಂಗಳದಲ್ಲಿ ಅಡಕೆಯನ್ನು ಹುಡುಕಿದರು, ಕಾಣಲಿಲ್ಲ. ನಾನು ಅಪರಾಧಿಯಂತೆ ನಿಂತಿದ್ದೆ. ಮಗಳು ಮಾತ್ರ ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿ, "ಕೂತುಕೊಳ್ಳಿ ಅಪ್ಪಾ, ಇದೀಗ ನಮ್ಮೂರಿನ ನೆರಳು" ಎಂದಳು. ಅವರು ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದರು. ಅಡಕೆಯ ಸಸಿ ತಂದವರು, ಹೊರಡುವಾಗ ಚೀಲದ ತುಂಬ ನಿಂಬೆಹಣ್ಣು ಒಯ್ದರು.