ವಿಮಾನದೊಳಗೊಂದು ಮುಳ್ಳಯ್ಯನಗಿರಿ

ಸವಣೂರಿನಿಂದ ಮಗ-ಸೊಸೆಯನ್ನು ನೋಡಲು ಅಮೆರಿಕಕ್ಕೆ ಹೊರಟ ತಾಯಿಯ ಚೀಲದಲ್ಲಿ ಸವಣೂರು ಖಾರದ ಪೊಟ್ಟಣ ಇರಲೇಬೇಕಲ್ಲವೇ? ವಿಮಾನ ಮೇಲೇರಿದ ಬಳಿಕ ಗಾಳಿಯಾಡದಂತೆ ಮುಚ್ಚಿದ ಆ ಪೊಟ್ಟಣ ಬಲೂನಿನಂತೆ ಉಬ್ಬುತ್ತದೆ. ಖಾರ ಕೆಟ್ಟಿಲ್ಲ; ಸುತ್ತಲಿನ ಗಾಳಿಯ ಒತ್ತಡ ಇಳಿದಿದೆ, ಅಷ್ಟೆ.

ದೊಡ್ಡ ಜೆಟ್ ವಿಮಾನಗಳು ಸಾಮಾನ್ಯವಾಗಿ 30,000ದಿಂದ 42,000 ಅಡಿ ಎತ್ತರದಲ್ಲಿ ಹಾರುತ್ತವೆ. ಅಲ್ಲಿ ಗಾಳಿ ವಿರಳವಾದ್ದರಿಂದ ತಡೆ ಕಡಿಮೆ, ಇಂಧನ ಉಳಿತಾಯ. ಆದರೆ 35,000 ಅಡಿಯಲ್ಲಿ ಹೊರಗಿನ ಒತ್ತಡ ಸಮುದ್ರಮಟ್ಟದ ಸುಮಾರು ಕಾಲುಭಾಗ. ಉಷ್ಣತೆ ಸೊನ್ನೆಗಿಂತ 54 ಡಿಗ್ರಿ ಸೆಲ್ಸಿಯಸ್ ಕೆಳಗೆ. ಆ ಗಾಳಿಯನ್ನೇ ಉಸಿರಾಡಿದರೆ ಮನುಷ್ಯನಿಗೆ ಸರಿಯಾದ ಎಚ್ಚರ ಉಳಿಯುವುದು ಅರ್ಧದಿಂದ ಒಂದು ನಿಮಿಷ ಮಾತ್ರ.

ಅದಕ್ಕಾಗಿಯೇ ವಿಮಾನದೊಳಗೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ಸಮುದ್ರಮಟ್ಟದಷ್ಟೇ ಒತ್ತಡ ಕೊಡಬೇಕಾದರೆ ವಿಮಾನದ ಒಡಲು ಇನ್ನಷ್ಟು ಗಟ್ಟಿಯಾಗಿ, ಭಾರವಾಗಿರಬೇಕು. ಹೀಗಾಗಿ ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,330 ಅಡಿ. ಪ್ರಯಾಣಿಕರು ಕುಳಿತಲ್ಲೇ ಅದರ ನೆತ್ತಿ ಏರಿದಂತಾಯಿತು!

ಆರೋಗ್ಯವಂತರಿಗೆ ಇದು ತೊಂದರೆಯಲ್ಲ. ಹೃದ್ರೋಗ, ಶ್ವಾಸಕೋಶದ ಕಾಯಿಲೆ, ತೀವ್ರ ರಕ್ತಹೀನತೆ ಉಳ್ಳವರಿಗೆ ಮಾತ್ರ ಆಮ್ಲಜನಕದ ಈ ಕೊರತೆ ಅಪಾಯ ತರಬಹುದು. ಅಂಥವರು ಟಿಕೆಟ್ ಕೊಳ್ಳುವ ಮೊದಲೇ ವೈದ್ಯರನ್ನು ಕಾಣುವುದು ಲೇಸು.

ಒತ್ತಡದ ವ್ಯವಸ್ಥೆ ಕೈಕೊಟ್ಟರೆ? 2018ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಜೈಪುರಕ್ಕೆ ಹೊರಟ ವಿಮಾನವೊಂದರಲ್ಲಿ ಅದರ ಸ್ವಿಚ್ ಹಾಕುವುದೇ ಮರೆತುಹೋಗಿತ್ತು. ಕೆಲವು ಪ್ರಯಾಣಿಕರ ಮೂಗು, ಕಿವಿಗಳಲ್ಲಿ ರಕ್ತ ಬಂದು, ವಿಮಾನ ಮುಂಬೈಗೆ ಮರಳಿತು. ಇಂಥ ಹೊತ್ತಿನಲ್ಲಿ ಮೇಲಿನಿಂದ ಆಮ್ಲಜನಕದ ಮುಖವಾಡಗಳು ಇಳಿಯುತ್ತವೆ. ಪೈಲಟ್ ವಿಮಾನವನ್ನು 10,000 ಅಡಿಯ ಸುಮಾರಿಗೆ ಇಳಿಸುತ್ತಾನೆ.

ಎತ್ತರದಲ್ಲಿ ವಿಶ್ವಕಿರಣಗಳೂ ಹೆಚ್ಚು. ಧ್ರುವಗಳತ್ತ ಇನ್ನೂ ಹೆಚ್ಚು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರಧ್ರುವದ ಹಾದಿಯಲ್ಲೇ ಬಂದಿತು. ಅಪರೂಪಕ್ಕೆ ಹಾರುವವರು ಈ ಕಿರಣಗಳಿಗೆ ಅಂಜಬೇಕಿಲ್ಲ. ಸದಾ ಹಾರುವ ಸಿಬ್ಬಂದಿ ಹಾಗೂ ಪದೇ ಪದೇ ಪ್ರಯಾಣಿಸುವ ಗರ್ಭಿಣಿಯರು ಗಮನಿಸಬೇಕು.

ಸಾಮಾನ್ಯ ಪ್ರಯಾಣಿಕರಿಗೆ ಇದಕ್ಕಿಂತ ದೊಡ್ಡ ಚಿಂತೆ ಕಾಲಿನದು. 4 ಗಂಟೆಗಿಂತ ಹೆಚ್ಚು ಕಾಲ ಕದಲದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಇಮ್ಮಡಿಯಾಗುತ್ತದೆ. ಆಗಾಗ ಎದ್ದು ನಡೆಯಬೇಕು, ಕುಳಿತಲ್ಲೇ ಪಾದ ಆಡಿಸಬೇಕು. ಒಳಗಿನ ಗಾಳಿ ಬಲು ಒಣ, ನೀರು ಕುಡಿಯುತ್ತಿರಬೇಕು.

ಮುಖವಾಡ ಇಳಿದಾಗ ಮೊದಲು ತಾವು ಧರಿಸಿ, ಬಳಿಕ ಮಗುವಿಗೆ ತೊಡಿಸಬೇಕು. ತಾಯಿಯ ಮನಸ್ಸು ಒಪ್ಪಲಿಕ್ಕಿಲ್ಲ. ಆದರೆ ತಾಯಿಗೆ ಎಚ್ಚರವಿದ್ದರೆ ತಾನೇ ಮಗು ಉಳಿಯುವುದು?